ಮಿರ್ ಎಣ್ಣೆಗೆ ಕಷಾಯದ ವಾಸನೆ ಇದೆಯಲ್ಲ, ಸೆಂಟಿಗೆ ಯಾಕೆ ಹಾಕುತ್ತಾರೆ?

ಪ್ರಶ್ನೆ: ಪರಿಮಳಕ್ಕೆಂದು ಮಿರ್ ಎಣ್ಣೆ ತರಿಸಿದೆ. ಮುಚ್ಚಳ ತೆಗೆದರೆ ಕಹಿ ಕಷಾಯದ ವಾಸನೆ. ಇದು ನಕಲಿಯೇ?

ಉತ್ತರ: ಕಹಿ ಇದೆ ಎಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ಮಿರ್, ಅಂದರೆ ರಕ್ತಬೋಳದ ಗುಣವೇ ಅದು. ಸೊಮಾಲಿಯಾ, ಇಥಿಯೋಪಿಯಾ, ಯೆಮೆನ್ ಕಡೆಯ ಒಣ ನೆಲದ ಮುಳ್ಳುಗಿಡವೊಂದರ ತೊಗಟೆಗೆ ಗಾಯವಾದಾಗ ಅಂಟು ಒಸರುತ್ತದೆ. ಒಣಗಿದ ಆ ಕೆಂಗಂದು ಅಂಟನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಈ ಎಣ್ಣೆ ಸಿಗುತ್ತದೆ. ನಾವು ಧೂಪಕ್ಕೆ ಹಾಕುವ ಗುಗ್ಗುಳವೂ ಇದೇ ಕುಲದ ಗಿಡದ್ದು.

ಈ ಎಣ್ಣೆಯ ಯೋಗ್ಯತೆ ಸೀಸೆಗೆ ಮೂಗಿಟ್ಟರೆ ತಿಳಿಯುವುದಿಲ್ಲ. ಕಾಗದದ ಪಟ್ಟಿಯ ತುದಿಗೆ ಒಂದು ಹನಿ ಹಾಕಿ, ಪಕ್ಕಕ್ಕಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಮೊದಲು ಬರುವುದು ಔಷಧಿಯ ಘಾಟು, ಅದರ ಹಿಂದೆಯೇ ಅಣಬೆಯಂಥ ಮಣ್ಣುವಾಸನೆ. ಹೊತ್ತು ಕಳೆದಂತೆ ಘಾಟು ಇಳಿದು, ಜ್ಯೇಷ್ಠಮಧುವಿನ ಸಿಹಿ ಸೋಕಿದ ಬೆಚ್ಚನೆಯ ರಾಳದ ಪರಿಮಳ ಉಳಿಯುತ್ತದೆ. ಮರುದಿನ ಮೂಸಿದರೂ ಅದು ಅಲ್ಲೇ ಇರುತ್ತದೆ. ಸೆಂಟು ತಯಾರಿಸುವವರಿಗೆ ಬೇಕಾದದ್ದು ಈ ಕೊನೆಯ ಭಾಗ. ಫ್ಯುರನೊಯುಡೆಸ್ಮಾಡೈಯೀನ್, ಕರ್ಝೆರೀನ್‌ನಂಥ ಭಾರದ ಅಣುಗಳೇ ಇದರಲ್ಲಿ ಹೆಚ್ಚು. ಅವು ನಿಧಾನಕ್ಕೆ ಆವಿಯಾಗುತ್ತವೆ. ನಿಂಬೆ, ಕಿತ್ತಳೆ ಎಣ್ಣೆಗಳು ಹಾರಿಹೋದ ಮೇಲೂ ಮೈಮೇಲೆ ಪರಿಮಳ ನಿಲ್ಲುವುದು ಇಂಥ ತಳದ ಎಣ್ಣೆಗಳಿಂದ.

ಕಹಿಗೆ ಸಿಹಿಯ ಜೊತೆ ಬೇಕು. ಪ್ರಾಚೀನ ಈಜಿಪ್ಟಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು: ದೇವಾಲಯದ 'ಕೈಫಿ' ಧೂಪಕ್ಕೆ ಬೋಳವನ್ನು ಜೇನು, ಒಣದ್ರಾಕ್ಷಿ, ದ್ರಾಕ್ಷಾರಸದೊಂದಿಗೆ ಬೆರೆಸುತ್ತಿದ್ದರು. ಇಂದು ವೆನಿಲ್ಲಾ, ಗುಲಾಬಿ, ಲವಂಗ, ಪಚೌಲಿ ಜೊತೆ ಸೇರಿಸುತ್ತಾರೆ. ನನ್ನ ಆಯ್ಕೆ ಶ್ರೀಗಂಧದೆಣ್ಣೆ. ಅದರ ಹಾಲಿನಂಥ ನಯದಲ್ಲಿ ಬೋಳದ ಒರಟು ಅಡಗುತ್ತದೆ, ಗಾಂಭೀರ್ಯ ಮಾತ್ರ ಉಳಿಯುತ್ತದೆ. ಹತ್ತು ಹನಿ ಗಂಧದೆಣ್ಣೆಗೆ ಒಂದು ಹನಿ ಬೋಳದಿಂದ ಶುರುಮಾಡಿ. ಹೆಚ್ಚಾದರೆ ಮಿಕ್ಕೆಲ್ಲವನ್ನೂ ನುಂಗಿಬಿಡುತ್ತದೆ.

ಕಹಿ ಬೇಡವೇ ಬೇಡ ಎನ್ನುವವರು ಒಪೊಪೊನಾಕ್ಸ್ ಕೇಳಿ ನೋಡಿ. 'ಸ್ವೀಟ್ ಮಿರ್' ಹೆಸರಿನಲ್ಲಿ ಬರುವ ಅದು ಬೇರೆಯೇ ಗಿಡದ್ದು, ವಾಸನೆಯೂ ಬೇರೆ. ಕೊಳ್ಳುವಾಗ ಲೇಬಲ್ಲಿನ ಸಸ್ಯನಾಮ ಓದಿ: ನಿಮ್ಮ ಸೀಸೆಯಲ್ಲಿ ಇರಬೇಕಾದದ್ದು ಕಾಮಿಫೊರಾ ಮಿರ್ರಾ.

ಗಾಳಿ ತಾಗಿದರೆ ಎಣ್ಣೆ ಮಂದವಾಗಿ, ಮುಚ್ಚಳ ಅಂಟಿ ಕೂರುತ್ತದೆ. ಬಳಸಿದ ಪ್ರತಿ ಸಲ ಸೀಸೆಯ ಕತ್ತನ್ನು ಒರೆಸಿ, ತಂಪಾದ ಕತ್ತಲಲ್ಲಿಡಿ. ನೇರವಾಗಿ ಚರ್ಮಕ್ಕೆ ಹಚ್ಚಬೇಡಿ, ಗರ್ಭಿಣಿಯರು ಬಳಸದಿರುವುದೇ ಲೇಸು.