5,000 ಟ್ಯಾಂಕರ್ ನೀರಿಗೆ ಒಂದು ಹನಿ: ಹಾರ್ಮೋನು ಕೆಡಿಸುವ ರಾಸಾಯನಿಕಗಳ ಓದು ಟಿಪ್ಪಣಿ

ವಿಷಶಾಸ್ತ್ರದ ಮೊದಲ ಪಾಠದಲ್ಲೇ ನಮ್ಮಿಂದ ಬಾಯಿಪಾಠ ಮಾಡಿಸುವ ಮಾತು ಒಂದಿದೆ: ಪ್ರಮಾಣವೇ ವಿಷ. 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನಿಂದ ಬಂದದ್ದು. ಉಪ್ಪು ಅತಿಯಾದರೆ ಅದೂ ಕೊಲ್ಲುತ್ತದೆ, ಪಾಷಾಣ ತೀರಾ ಕಡಿಮೆಯಾದರೆ ಅದೂ ಏನೂ ಮಾಡುವುದಿಲ್ಲ. ಈ ಮಾತನ್ನೇ ನೆಚ್ಚಿಕೊಂಡು ಈ ಅಧ್ಯಾಯಕ್ಕೆ ಬಂದರೆ ಎಡವುತ್ತೇವೆ. ನಾನೂ ಎಡವಿದ್ದೆ. ಇಲ್ಲಿ ‘ಎಷ್ಟು’ ಎನ್ನುವುದರ ಪಕ್ಕದಲ್ಲಿ ‘ಯಾವಾಗ’ ಎಂದು ಬರೆದುಕೊಂಡು ಓದಿದರೆ ಅರ್ಧ ಗೊಂದಲ ಕಳೆಯುತ್ತದೆ.

ನಮ್ಮ ಮೈಯ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುವ ರಾಸಾಯನಿಕಗಳಿಗೆ ಪುಸ್ತಕದಲ್ಲಿ ಉದ್ದುದ್ದ ಹೆಸರುಗಳಿವೆ. ನಾನು ಸುಮ್ಮನೆ ‘ಹಾರ್ಮೋನು ಕೆಡಿಸುವ ರಾಸಾಯನಿಕ’ ಎನ್ನುತ್ತೇನೆ. ಪರೀಕ್ಷೆಯಲ್ಲಿ ಇಡಿಸಿ (ಎಂಡೋಕ್ರೈನ್ ಡಿಸ್ರಪ್ಟಿಂಗ್ ಕೆಮಿಕಲ್) ಎಂದು ಬರೆದರೂ ಸಾಕು.

ಮೊದಲು ಅಳತೆಯ ಲೆಕ್ಕ

ಹಾರ್ಮೋನುಗಳು ರಕ್ತದಲ್ಲಿ ಎಷ್ಟಿರುತ್ತವೆ ಎಂಬ ಅಂದಾಜು ನಮಗಿರುವುದಿಲ್ಲ. ಮುಟ್ಟಿನ ಚಕ್ರದ ಮೊದಲ ಭಾಗದಲ್ಲಿ ಹೆಂಗಸಿನ 1 ಮಿಲಿಲೀಟರ್ ರಕ್ತದಲ್ಲಿ ಎಸ್ಟ್ರಡಿಯಾಲ್ (ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನುಗಳಲ್ಲಿ ಮುಖ್ಯವಾದದ್ದು) ಇರುವುದು ಹತ್ತಾರು ಪಿಕೊಗ್ರಾಂ ಅಷ್ಟೇ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಗ್ರಾಂ. ಇದನ್ನು ಕಣ್ಣಿಗೆ ಕಾಣಿಸಿಕೊಳ್ಳಲು ನಾನೊಂದು ಲೆಕ್ಕ ಹಾಕಿಕೊಂಡೆ. ಬೇಸಿಗೆಯಲ್ಲಿ ಬಡಾವಣೆಗೆ ಬರುವ ನೀರಿನ ಟ್ಯಾಂಕರು 10,000 ಲೀಟರಿನದು ಎಂದುಕೊಳ್ಳಿ. ಅಂಥ 5,000 ಟ್ಯಾಂಕರ್ ನೀರಿಗೆ ಡ್ರಾಪರಿನಿಂದ ಒಂದೇ ಹನಿ ಬಿಟ್ಟರೆ ಬರುವ ಸಾಂದ್ರತೆ ಲಕ್ಷ ಕೋಟಿಗೆ ಒಂದು ಪಾಲು. ಹೆಚ್ಚುಕಡಿಮೆ ಇದೇ ಮಟ್ಟದಲ್ಲಿ ನಮ್ಮ ಮೈ ಹುಡುಗಿಯನ್ನು ದೊಡ್ಡವಳನ್ನಾಗಿ ಮಾಡುತ್ತದೆ, ಗರ್ಭಕ್ಕೆ ಅಣಿಯಾಗುತ್ತದೆ. ಅಷ್ಟು ಸಣ್ಣ ದನಿಗೆ ಕಿವಿಗೊಡುವ ವ್ಯವಸ್ಥೆ ಅದು. ನೀರಲ್ಲಿ ಸಿಕ್ಕಿರುವುದು ನ್ಯಾನೊಗ್ರಾಂ (ಸಾವಿರ ಪಿಕೊಗ್ರಾಂ) ಲೆಕ್ಕದಲ್ಲಿ, ಹೆದರಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಈ ಟ್ಯಾಂಕರುಗಳನ್ನು ನೆನಪಿಸಿಕೊಳ್ಳಿ.

ಕೆಡಿಸುವ ಬಗೆ

ಗ್ರಾಹಕ (ರಿಸೆಪ್ಟರ್, ಹಾರ್ಮೋನು ಬಂದು ಕೂರುವ ಜೀವಕೋಶದ ಪ್ರೋಟೀನು) ಮತ್ತು ಹಾರ್ಮೋನಿಗೆ ಬೀಗ-ಕೀಲಿಯ ಹೋಲಿಕೆ ಎಲ್ಲ ಪುಸ್ತಕಗಳಲ್ಲೂ ಇದೆ. ತೊಂದರೆ ಏನೆಂದರೆ, ಅದು ಎರಡು ಬಗೆಯನ್ನಷ್ಟೇ ವಿವರಿಸುತ್ತದೆ: ಕಳ್ಳಕೀಲಿ ಬಾಗಿಲು ತೆಗೆಯುವುದು (ಪ್ಲಾಸ್ಟಿಕ್ಕಿಗೆ ಬಳಸುವ ಬಿಸ್ಫೆನಾಲ್ ಎ ಈಸ್ಟ್ರೋಜೆನ್ನಿನಂತೆ ನಟಿಸುವುದು), ಇಲ್ಲವೇ ಬೀಗದೊಳಗೆ ಸಿಕ್ಕಿಕೊಂಡು ನಿಜವಾದ ಕೀಲಿಗೆ ಜಾಗ ಕೊಡದಿರುವುದು (ಡಿಡಿಟಿ ಒಡೆದು ಬರುವ ಡಿಡಿಇ ಗಂಡು ಹಾರ್ಮೋನಿನ ಗ್ರಾಹಕಕ್ಕೆ ಮಾಡುವುದು). ಕೀಲಿ ತಯಾರಾಗುವ ಜಾಗದಲ್ಲೇ ಕೈಯಾಡಿಸುವವೂ ಇವೆ. ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಕೆಲವು ಥ್ಯಾಲೇಟುಗಳು ಇಲಿಯ ಭ್ರೂಣದ ವೃಷಣದಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ತಯಾರಿಕೆಯನ್ನೇ ತಗ್ಗಿಸುತ್ತವೆ. ರಾಕೆಟ್ ಇಂಧನದಲ್ಲಿ ಬಳಸುವ ಪರ್ಕ್ಲೋರೇಟ್ ಥೈರಾಯಿಡ್ ಗ್ರಂಥಿಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ, ಅಂದರೆ ಕಚ್ಚಾ ಮಾಲನ್ನೇ ನಿಲ್ಲಿಸುತ್ತದೆ. ಉತ್ತರ ಬರೆಯುವಾಗ ಈ ಮೂರನೆಯ ಬಗೆಯನ್ನು ಬಿಡಬೇಡಿ. ಬಹಳ ಮಂದಿ ಬಿಡುತ್ತಾರೆ.

‘ಯಾವಾಗ’ ಎಂಬುದನ್ನು ಕಲಿಸಿದ ಮಾತ್ರೆ

1938ರಲ್ಲಿ ಲಂಡನ್ನಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ ಮತ್ತು ಜೊತೆಗಾರರು ಡೈಇಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜೆನ್ ಮಾಡಿದರು. ಚಿಕ್ಕದಾಗಿ ಡಿಇಎಸ್. ಅಗ್ಗ, ನುಂಗಿದರೆ ಸಾಕು, ಪೇಟೆಂಟಿನ ತಕರಾರೂ ಇಲ್ಲ. ಗರ್ಭಪಾತ ತಡೆಯುತ್ತದೆ ಎಂಬ ನಂಬಿಕೆಯಿಂದ ಅಮೆರಿಕದ ವೈದ್ಯರು ಬಸುರಿಯರಿಗೆ ಧಾರಾಳವಾಗಿ ಬರೆದುಕೊಟ್ಟರು. 1953ರಲ್ಲೇ ಷಿಕಾಗೊದ ಒಂದು ಪರೀಕ್ಷೆ ಇದರಿಂದ ಪ್ರಯೋಜನವಿಲ್ಲ ಎಂದು ತೋರಿಸಿತ್ತು. ಆದರೂ ಬರೆದುಕೊಡುವುದು ಮುಂದೆ ಸುಮಾರು 18 ವರ್ಷ ನಡೆಯಿತು. ಈ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಈ 18 ವರ್ಷ.

1971ರಲ್ಲಿ ಬಾಸ್ಟನ್ನಿನ ವೈದ್ಯರು ಎಂಟು ಹುಡುಗಿಯರ ವಿಷಯ ಪ್ರಕಟಿಸಿದರು. ವಯಸ್ಸು 15ರಿಂದ 22. ಎಲ್ಲರಿಗೂ ಯೋನಿಯ ಕ್ಯಾನ್ಸರ್, ಅದೂ ಆ ವಯಸ್ಸಿನಲ್ಲಿ ಹೆಚ್ಚುಕಡಿಮೆ ಕಂಡೇ ಇರದ ಬಗೆಯದು. ಎಂಟರಲ್ಲಿ ಏಳು ಜನರ ತಾಯಂದಿರು ಬಸುರಿನಲ್ಲಿ ಡಿಇಎಸ್ ನುಂಗಿದ್ದರು. ಮಾತ್ರೆ ನುಂಗಿದವಳು ಆಗ ಆರೋಗ್ಯವಾಗಿಯೇ ಇದ್ದಳು, ಮಗುವೂ ಹುಟ್ಟುವಾಗ ಚೆನ್ನಾಗಿತ್ತು. ಫಲ ಕಾಣಿಸಿದ್ದು ಒಂದೂವರೆ-ಎರಡು ದಶಕ ಕಳೆದ ಮೇಲೆ, ಮಗಳಲ್ಲಿ. (ಆ ತಾಯಂದಿರಿಗೂ ಸ್ತನ ಕ್ಯಾನ್ಸರಿನ ಅಪಾಯ ತುಸು ಹೆಚ್ಚು ಎಂಬುದು ಆಮೇಲೆ ತಿಳಿಯಿತು.) ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಸುರಿಯರಿಗೆ ಇದನ್ನು ಕೊಡಬಾರದೆಂದು ಎಚ್ಚರಿಸಿತು.

ಕಾರಣ ಹೀಗೆ. ಭ್ರೂಣದಲ್ಲಿ ಅಂಗಗಳು ರೂಪುಗೊಳ್ಳುವಾಗ ಯಾವ ಜೀವಕೋಶ ಏನಾಗಬೇಕು ಎಂದು ಹೇಳುವುದರಲ್ಲಿ ಹಾರ್ಮೋನುಗಳ ಪಾತ್ರ ದೊಡ್ಡದು. ಗಂಡುಮಗುವಿನ ಜನನಾಂಗದ ಮಟ್ಟಿಗೆ ಇದು ನಡೆಯುವ ಸಮಯದ ಕಿಟಕಿ ತೆರೆದಿರುವುದು ಬಸುರಿನ ಸುಮಾರು 8ರಿಂದ 14ನೇ ವಾರದವರೆಗೆ. ಹಸಿ ಮಡಕೆಗೆ ಬೆರಳು ತಾಕಿದರೂ ಗುರುತು ಉಳಿಯುತ್ತದೆ, ಸುಟ್ಟ ಮಡಕೆಗೆ ತಾಕಿದರೆ ಇಲ್ಲ. ಬೆಳೆದವರಲ್ಲಿ ಬಹಳಷ್ಟು ಪರಿಣಾಮಗಳು ರಾಸಾಯನಿಕ ನಿಂತ ಮೇಲೆ ಸರಿಹೋಗಬಹುದು. ಭ್ರೂಣದಲ್ಲಿ ಆದದ್ದು ಅಂಗದ ರಚನೆಯಲ್ಲೇ ಉಳಿಯುತ್ತದೆ.

ಹಡಗಿನ ಬಣ್ಣ, ಗಂಡಾದ ಬಸವನಹುಳು

ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲೆಂದು ಟ್ರೈಬ್ಯುಟೈಲ್‌ಟಿನ್, ಅಂದರೆ ಟಿಬಿಟಿ, ಬೆರೆಸಿದ ಬಣ್ಣ ಬಳಿಯುವುದು 1960ರ ದಶಕದಲ್ಲಿ ಶುರುವಾಯಿತು. 1970ರ ದಶಕದ ಕೊನೆಗೆ ಫ್ರಾನ್ಸಿನ ಅರ್ಕಷೋನ್ ಕೊಲ್ಲಿಯಲ್ಲಿ ಸಿಂಪಿ ಕೃಷಿ ನೆಲಕಚ್ಚಿತು. ಮರಿಗಳು ಬದುಕುತ್ತಿರಲಿಲ್ಲ, ಬದುಕಿದವುಗಳ ಚಿಪ್ಪು ಪದರಪದರವಾಗಿ ಊದಿ ಉಂಡೆಯಾಗುತ್ತಿತ್ತು. ಮಾರಲು ಬರದ ಮಾಲು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಆ ಬಣ್ಣ ಬಳಿಯುವುದನ್ನು ತಡೆಯಿತು.

ಸಿಂಪಿಯ ಕಥೆ ದುಡ್ಡಿನದಾದ್ದರಿಂದ ಬೇಗ ಕಿವಿಗೆ ಬಿತ್ತು. ಇಂಗ್ಲೆಂಡಿನ ಪ್ಲಿಮತ್ ಬಳಿಯ ಬಂಡೆಗಳ ಮೇಲೆ ಇನ್ನೊಂದು ಕಥೆ ಸದ್ದಿಲ್ಲದೆ ನಡೆದಿತ್ತು. ಅಲ್ಲಿನ ಹೆಣ್ಣು ಕಡಲ ಬಸವನಹುಳುಗಳಿಗೆ ಶಿಶ್ನ ಬೆಳೆಯುತ್ತಿತ್ತು. ಅದು ಜಾಸ್ತಿಯಾದಾಗ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತಿತ್ತು. ಮೊಟ್ಟೆಗಳು ಒಳಗೇ ಉಳಿದು ಹುಳು ಸಾಯುತ್ತಿತ್ತು. ಈ ಬದಲಾವಣೆಗೆ ಸಾಕಾದ ಟಿಬಿಟಿ ಲೀಟರಿಗೆ ಸುಮಾರು 1 ನ್ಯಾನೊಗ್ರಾಂ. ಒಂದು ಲೀಟರ್ ನೀರೆಂದರೆ ಸಾವಿರ ಗ್ರಾಂ, ಅಂದರೆ ಇದು ಲಕ್ಷ ಕೋಟಿಗೆ ಒಂದು ಪಾಲು, ಅದೇ ಟ್ಯಾಂಕರುಗಳ ಹನಿ. ಇಡೀ ಜಗತ್ತಿನ ಹಡಗುಗಳಿಗೆ ಅನ್ವಯಿಸುವ ಒಪ್ಪಂದ 2001ರಲ್ಲಿ ಆಗಿ ಜಾರಿಗೆ ಬಂದದ್ದು 2008ರಲ್ಲಿ.

ಸಿಹಿನೀರಿಗೆ ಬಂದರೆ ಒಂದು ಪ್ರಯೋಗವನ್ನು ಮಾತ್ರ ಹೇಳುತ್ತೇನೆ, ಉಳಿದವನ್ನು ಪುಸ್ತಕದಲ್ಲಿ ಓದಿಕೊಳ್ಳಿ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಬಿಟ್ಟ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜೆನ್ನನ್ನು ಲೀಟರಿಗೆ 5-6 ನ್ಯಾನೊಗ್ರಾಂ ಮಟ್ಟದಲ್ಲಿ ಬೆರೆಸಿದರು. ಗಂಡು ಮೀನುಗಳು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ತಯಾರಿಸತೊಡಗಿದವು. ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನು ಆ ಕೆರೆಯಿಂದ ಬಹುತೇಕ ಅಳಿದೇಹೋಯಿತು. ಬೆರೆಸುವುದು ನಿಂತು ಕೆಲವು ವರ್ಷಗಳಾದ ಮೇಲೆ ಮತ್ತೆ ಹೆಚ್ಚಿತು. ಬಾಟಲಿಯಲ್ಲಿ ಇಟ್ಟ ಮೀನಿನ ಪ್ರಯೋಗಕ್ಕೂ ಕೆರೆಯ ಪ್ರಯೋಗಕ್ಕೂ ಇರುವ ವ್ಯತ್ಯಾಸ ಕೇಳಿದರೆ ಇದನ್ನೇ ಬರೆಯಿರಿ.

ನಮ್ಮ ಗಡಿಯ ಕಥೆ: ಪಡ್ರೆ

ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಕನ್ನಡ, ತುಳು ಮಾತಾಡುವ ಊರು. ಗುಡ್ಡದ ಮೇಲೆ ಗೇರು ತೋಟ, ಇಳಿಜಾರಿನಲ್ಲಿ ಮನೆ, ಕೆಳಗೆ ತೋಡು (ಸಣ್ಣ ಹಳ್ಳ). ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದರು. ಈ ಸೀಮೆಯ ನೀರಿನ ವ್ಯವಸ್ಥೆ ಗೊತ್ತಿದ್ದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಇಲ್ಲಿ ಎಷ್ಟೋ ಮನೆಗಳಿಗೆ ನೀರು ಬರುವುದು ಸುರಂಗದಿಂದ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಕಿರುದಾರಿಯಿಂದ. ಬಾವಿಗಾದರೆ ಒಂದು ಮುಚ್ಚಳ ಹಾಕಬಹುದು. ಗುಡ್ಡಕ್ಕೆ, ತೋಡಿಗೆ ಏನು ಮುಚ್ಚುವುದು? ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ಎತ್ತಿ ಹೇಳಿದರು, ಪತ್ರಕರ್ತ ಶ್ರೀಪಡ್ರೆ ಬರೆದರು, ಚಿತ್ರ ತೆಗೆದರು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳಿಗೂ ಇದೇ ಸಿಂಪಡಣೆ ನಡೆದಿತ್ತು.

ನಮ್ಮ ವಿಷಯಕ್ಕೆ ಬೇಕಾದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ ಅಧ್ಯಯನ. 2003ರಲ್ಲಿ ಪ್ರಕಟವಾಯಿತು. ತೋಟದ ಬುಡದ ಊರಿನ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು ಸಿಂಪಡಣೆ ಕಾಣದ ಕಡೆಯ 90 ಹುಡುಗರ ಜೊತೆ ಹೋಲಿಸಿದರು. ತೋಟದ ಊರಿನವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು. ವಯಸ್ಸನ್ನು ಲೆಕ್ಕಕ್ಕೆ ಹಿಡಿದರೂ ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಹೆಚ್ಚು. ಈ ಜೋಡಿಯನ್ನು ಗಮನಿಸಿ. ಎಲ್‌ಎಚ್ ಎನ್ನುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಕರೆ. ಓಗೊಡದ ಮಗನನ್ನು ಅಮ್ಮ ಇನ್ನಷ್ಟು ಜೋರಾಗಿ ಕೂಗುವಂತೆ, ವೃಷಣ ಸ್ಪಂದಿಸದಿದ್ದಾಗ ಎಲ್‌ಎಚ್ ಏರುತ್ತದೆ. ಎರಡೂ ಇಳಿದಿದ್ದರೆ ತೊಂದರೆ ಮೇಲೆ, ಮಿದುಳಿನ ಕಡೆ ಎಂದು ಅನುಮಾನಿಸಬೇಕಿತ್ತು. ಒಂದು ಇಳಿದು ಇನ್ನೊಂದು ಏರಿದೆ ಎಂದರೆ ತೊಂದರೆ ವೃಷಣದಲ್ಲೇ ಇರುವ ಸಂಭವ ಹೆಚ್ಚು.

ಕೀಟನಾಶಕ ಉದ್ಯಮದ ಕಡೆಯವರು ಈ ಅಧ್ಯಯನದ ವಿಧಾನವನ್ನು ಪ್ರಶ್ನಿಸಿದರು, ಅದನ್ನೂ ಉತ್ತರದಲ್ಲಿ ಸೇರಿಸಿ. ಇನ್ನೊಂದು ಎಚ್ಚರ: ಎಂಡೋಸಲ್ಫಾನ್ ನರಮಂಡಲಕ್ಕೂ ವಿಷ. ಹಾಗಾಗಿ ಅಲ್ಲಿ ಕಂಡ ಎಲ್ಲ ಸಂಕಟವನ್ನೂ ಹಾರ್ಮೋನಿನ ತಲೆಗೆ ಕಟ್ಟಬೇಡಿ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕೊಳೆಯದ ವಿಷಗಳನ್ನು ದೇಶಗಳು ಸೇರಿ ತೊಲಗಿಸುವ ಒಪ್ಪಂದ) ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಕೊಟ್ಟಿತು.

ಕೈಯಲ್ಲಿರುವ ಬಿಲ್ಲು

ಈ ಟಿಪ್ಪಣಿ ಬರೆಯುವಾಗ ಅಂಗಡಿಯ ಬಿಲ್ಲೊಂದು ಮೇಜಿನ ಮೇಲಿತ್ತು. ಉಗುರಿನಿಂದ ಜೋರಾಗಿ ಗೀರಿದೆ, ಕಪ್ಪು ಗೆರೆ ಬಂತು. ಉಜ್ಜಿದ ಬಿಸಿಗೆ ಬಣ್ಣ ಬಿಡುವ ಕಾಗದ ಅದು, ಶಾಯಿ ಬೇಕಿಲ್ಲ. ಬಣ್ಣ ಬರಿಸಲು ಲೇಪಿಸುವ ಪುಡಿಯಾಗಿ ಬಹುಕಾಲ ಬಳಸಿದ್ದು ಬಿಸ್ಫೆನಾಲ್ ಎ, ಚಿಕ್ಕದಾಗಿ ಬಿಪಿಎ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಅದು ಸರಪಳಿಯಾಗಿ ಹೆಣೆದುಕೊಂಡಿರುತ್ತದೆ, ಬಿಲ್ಲಿನಲ್ಲಿ ಬಿಡಿಬಿಡಿಯಾಗಿ ಇರುತ್ತದೆ. ಹಾಗಾಗಿ ಬೆರಳಿಗೆ ಸುಲಭವಾಗಿ ಹತ್ತುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಗಾದರೆ ಇನ್ನೂ ಹೆಚ್ಚು.

2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದರ ದಿನದ ಸಹನೀಯ ಮಿತಿಯನ್ನು ದೇಹತೂಕದ ಕಿಲೋಗೆ 4 ಮೈಕ್ರೊಗ್ರಾಂನಿಂದ (ಅಂದರೆ 4,000 ನ್ಯಾನೊಗ್ರಾಂ) 0.2 ನ್ಯಾನೊಗ್ರಾಂಗೆ ಇಳಿಸಿತು. ಭಾಗಿಸಿ ನೋಡಿ, 20,000 ಪಟ್ಟು. ಅಲ್ಲಿ ಬಿಲ್ಲಿನ ಕಾಗದಕ್ಕೆ 2020ರಿಂದಲೇ ಕಡಿವಾಣವಿದೆ. ಅನೇಕ ತಯಾರಕರು ಅದರ ಬದಲಿಗೆ ಹಾಕಿದ್ದು ಬಿಸ್ಫೆನಾಲ್ ಎಸ್. ರಚನೆಯಲ್ಲಿ ಅದರ ತಮ್ಮನಂತಿದೆ, ಪ್ರಯೋಗಾಲಯದಲ್ಲಿ ಅದೂ ಈಸ್ಟ್ರೋಜೆನ್ ಗ್ರಾಹಕವನ್ನು ತಟ್ಟುತ್ತದೆ. ‘ಬಿಪಿಎ ಇಲ್ಲ’ ಎಂಬ ಚೀಟಿ ಕಂಡರೆ ಹಾಗಾದರೆ ಏನಿದೆ ಎಂದು ಕೇಳಬೇಕು. ದಿನವಿಡೀ ಮಷೀನಿನಿಂದ ಟಿಕೆಟು ಹರಿದು ಕೊಡುವ ಬಸ್ ಕಂಡಕ್ಟರ್ ಕೇಳಿದರೂ ಉತ್ತರ ಸಿಗುವುದಿಲ್ಲ. ಸುರುಳಿಯ ಮೇಲೆ ಅಗಲ, ಉದ್ದ ಬರೆದಿರುತ್ತದೆ, ಲೇಪ ಯಾವುದೆಂದು ಬರೆದಿರುವುದಿಲ್ಲ.