ಹಿರೈಥ್: ಮಂಜಾದ ಒಂದು ವೆಲ್ಷ್ ಪದದ ಕತೆ

‘ಬೇರೆ ಭಾಷೆಗೆ ತರಲಾಗದ ಪದಗಳು’ ಅಂತ ಆನ್‌ಲೈನ್‌ನಲ್ಲಿ ಓಡಾಡುವ ಪಟ್ಟಿಗಳಲ್ಲಿ ‘ಹಿರೈಥ್’ ಇದ್ದೇ ಇರುತ್ತದೆ. ‘ಮರಳಿ ಹೋಗಲಾಗದ, ಬಹುಶಃ ಎಂದೂ ಇರದೇ ಇದ್ದ ಮನೆಗಾಗಿ ಹಂಬಲ’ ಎಂದು ಅರ್ಥ ಕೊಟ್ಟಿರುತ್ತಾರೆ. ಕಾಫಿ ಮಗ್ಗು, ಹಚ್ಚೆಗಳ ಮೇಲೂ ಈ ಪದ ಬಂದಿದೆ. ಆದರೆ ಈ ಭಾಷೆಯ ತವರಾದ, ಬ್ರಿಟನ್ನಿನ ವೇಲ್ಸ್‌ನ ಮನೆಗಳಲ್ಲಿ ಇದು ಇಷ್ಟೊಂದು ಮಂಜುಮಂಜಾದ ಪದವಲ್ಲ.

‘ಹೀರ್’ ಅಂದರೆ ದೀರ್ಘ. ಅದಕ್ಕೆ ಪ್ರತ್ಯಯ ಸೇರಿ ಹಿರೈಥ್. ವೆಲ್ಷ್‌ಗೆ ಹತ್ತಿರದ ಕಾರ್ನಿಷ್, ಬ್ರೆಟನ್ ಭಾಷೆಗಳಲ್ಲೂ ಇದರ ಒಡಹುಟ್ಟುಗಳಿವೆ. ಬಳಸುವ ರೀತಿ ನಮಗೆ ತುಂಬ ಹತ್ತಿರದ್ದು. ‘ಮೈ ಹಿರೈಥ್ ಅರ್ನಾ ಇ’ ಅಂದರೆ ‘ನನ್ನ ಮೇಲೆ ಹಿರೈಥ್ ಇದೆ’. ‘ನನಗೆ ಅಮ್ಮನ ನೆನಪು ಕಾಡ್ತಿದೆ’ ಅಂತೀವಲ್ಲ, ಅಲ್ಲೂ ‘ನಾನು’ ಏನೂ ಮಾಡುತ್ತಿಲ್ಲ. ನೆನಪೇ ಬಂದು ಕಾಡುತ್ತದೆ. ತೀರಿಹೋದ ಅಜ್ಜಿಗಾಗಿಯೂ ಹಿರೈಥ್, ಬಿಟ್ಟುಬಂದ ಊರಿಗಾಗಿಯೂ ಹಿರೈಥ್. ಒಂದು ಹಳೆಯ ಜನಪದ ಪದ್ಯ ಇದನ್ನು ಬಟ್ಟೆಯಂತೆ ಕಾಣುತ್ತದೆ. ಚಿನ್ನ, ಬೆಳ್ಳಿ, ಮಖಮಲ್ಲು, ರೇಷ್ಮೆ ಎಲ್ಲ ಸವೆಯುತ್ತವೆ, ಎಷ್ಟು ಉಟ್ಟರೂ ಸವೆಯದ ಇದನ್ನು ಯಾತರಿಂದ ಮಾಡಿದರು ಎಂದು ತಿಳಿದವರನ್ನು ಕೇಳುತ್ತದೆ.

ವೆಲ್ಷರು ಕಳೆದುಕೊಂಡದ್ದೂ ಕಡಿಮೆಯಲ್ಲ. ಇಂಗ್ಲೆಂಡಿನ 1536ರ ಕಾಯ್ದೆ ವೇಲ್ಸ್‌ನ ಕೋರ್ಟು, ಕಚೇರಿಗೆ ಇಂಗ್ಲಿಷನ್ನು ತಂದಿತು. 1865ರಲ್ಲಿ ಸುಮಾರು 150 ಜನ ತಮ್ಮ ಭಾಷೆ ಉಳಿಸಿಕೊಳ್ಳಲು ‘ಮಿಮೋಸಾ’ ಹಡಗು ಹತ್ತಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾಕ್ಕೆ ಹೋದರು. 1901ರಲ್ಲಿ ವೇಲ್ಸ್‌ನ ಅರ್ಧದಷ್ಟು ಜನ ವೆಲ್ಷ್ ಆಡುತ್ತಿದ್ದರು.

ಆಮೇಲೆ ಬಂತು ಕಪೆಲ್ ಕೆಲಿನ್. ಉತ್ತರ ವೇಲ್ಸ್‌ನ ಟ್ರುವೆರಿನ್ ಕಣಿವೆಯ, ವೆಲ್ಷ್ ಮಾತ್ರ ಕೇಳಿಸುತ್ತಿದ್ದ ಪುಟ್ಟ ಊರು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ, ಸ್ಮಶಾನ ಎಲ್ಲ ಇದ್ದವು. ಲಿವರ್‌ಪೂಲ್ ನಗರಕ್ಕೆ (ಅದು ಇಂಗ್ಲೆಂಡಿನಲ್ಲಿದೆ) ನೀರು ಬೇಕಾಗಿತ್ತು. ಕಣಿವೆಗೆ ಅಣೆಕಟ್ಟು ಕಟ್ಟಿ ಜಲಾಶಯ ಮಾಡಲು 1957ರಲ್ಲಿ ಬ್ರಿಟನ್ನಿನ ಸಂಸತ್ತು ಒಪ್ಪಿತು. ವೇಲ್ಸ್‌ನ ಒಬ್ಬ ಸಂಸದರೂ ಪರವಾಗಿ ಮತ ಹಾಕಲಿಲ್ಲ. 1965ಕ್ಕೆ ಊರು ಮುಳುಗಿತ್ತು. ಸ್ಮಶಾನದಲ್ಲಿದ್ದ ಕೆಲವರ ಅಸ್ಥಿಗಳನ್ನಷ್ಟೇ ಬೇರೆಡೆಗೆ ಸಾಗಿಸಿದರು, ಉಳಿದವರು ನೀರಿನ ಅಡಿಯಲ್ಲೇ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಹಳೇ ಕಲ್ಲುಗಳು ಮೇಲೆದ್ದು ಕಾಣುತ್ತವೆ. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ.

ಆ ಜನರ ಹಿರೈಥ್ ‘ಎಂದೂ ಇರದ ಮನೆ’ಗಾಗಿ ಅಲ್ಲ. ಆ ಮನೆಗಳಿಗೆ ಬಾಗಿಲಿತ್ತು, ಹೊಲವಿತ್ತು, ಹೆಸರಿತ್ತು. ‘ಎಂದೂ ಇರದ’ ಅಂದುಬಿಟ್ಟರೆ ಕಳೆದುಕೊಂಡವರ ನೋವಿಗೆ ಕಾರಣವೇ ಇಲ್ಲದಂತಾಗುತ್ತದೆ, ಅಲ್ವಾ?

2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಶೇ. 17.8, ಅಂದರೆ ಸುಮಾರು 5.38 ಲಕ್ಷ ಜನ. ದೂರದ ಊರಿಗೆ ಓದಲು ಹೋದ ಮಗಳು ಮನೆಗೆ ಫೋನ್ ಮಾಡಿದಾಗ ಅವಳ ಬಾಯಿಗೆ ಬರುವುದೂ ಇದೇ ಹಿರೈಥ್.