ಅಂಗಡಿಯ ಹೆಸರಿನ ಬೇಳೆ, ಕಂಪನಿಯ ಹೆಸರಿನ ಬೇಳೆ

ಕಳೆದ ತಿಂಗಳು ನಮ್ಮ ಓಣಿಯ ವೈನಿಯೊಬ್ಬರು ಎರಡು ಬಟ್ಟಲಲ್ಲಿ ತೊಗರಿ ಬೇಳೆ ಹಿಡಿದುಕೊಂಡು ಮನೆಗೆ ಬಂದರು. ‘ನೋಡ್ರಿ ಅಣ್ಣಾರ, ಇದು ಕಂಪನೀದು, ಇದು ಆ ದೊಡ್ಡ ಅಂಗಡಿಯವರದೇ ಹೆಸರಿಂದು. ಕಿಲೋಕ್ಕ 30 ರೂಪಾಯಿ ಕಡಿಮಿ ಅಂತ ತಂದೆ. ಐದು ಸೀಟಿ ಆದ್ರೂ ಕುದೀವಲ್ದು. ಏನ್ ಕಲಸ್ಯಾರೋ ಏನೋ, ನೀವ ಹೇಳ್ರಿ’ ಅಂದರು.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳಿಗೂ ಮಸಾಲೆ ಘಟಕಗಳಿಗೂ ಗುಣಮಟ್ಟದ ಸಲಹೆ ಕೊಡುವುದು ನನ್ನ ಕೆಲಸ. ಹೀಗಾಗಿ ಓಣಿಯವರ ಇಂಥ ಪ್ರಶ್ನೆಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ. ಎರಡೂ ಬೇಳೆಯನ್ನು ಒಂದೊಂದು ಸ್ಟೀಲ್ ತಾಟಿನಲ್ಲಿ ತೆಳ್ಳಗೆ ಹರವಿದೆ. ಕಂಪನಿಯದರಲ್ಲಿ ಬಿಡಿಸಿಟ್ಟ ಹಾಗೆ ಇಡೀ ಇಡೀ ಹೋಳು, ಒಂದೇ ಗಾತ್ರ. ಅಂಗಡಿಯದರಲ್ಲಿ ನುಚ್ಚು ಜಾಸ್ತಿ, ಅಂಚಿನಲ್ಲಿ ಸಿಪ್ಪೆ ಅಂಟಿಕೊಂಡ ಏಳೆಂಟು ಕಾಳು. ಆದರೆ ಕಲ್ಲಿಲ್ಲ, ಹುಳುಕಿಲ್ಲ, ಬಣ್ಣ ಹಾಕಿದ ಲಕ್ಷಣವಿಲ್ಲ. ಎರಡನ್ನೂ 50 ಗ್ರಾಂ ತೂಗಿ, ಅರ್ಧ ತಾಸು ನೆನೆಸಿ, ನಮ್ಮ ಮನೆಯ ನಳದ ನೀರಿನಲ್ಲಿ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಒಂದೇ ಕುಕ್ಕರಿನಲ್ಲಿ ಕೂಗಿಸಿದೆ. ಎರಡೂ ಬೆಣ್ಣೆಯ ಹಾಗೆ ಬೆಂದವು.

ವೈನಿಯ ಮನೆಯಲ್ಲಿ ಆ ಹದಿನೈದು ದಿನ ನಳದ ನೀರು ಬಂದಿರಲಿಲ್ಲ, ಬೋರಿನ ನೀರಿನಲ್ಲೇ ಅಡಿಗೆ. ನಮ್ಮ ಕಡೆಯ ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಅನ್ನೋ ಅಂಟನ್ನು ಹಿಡಿದು ಗಟ್ಟಿ ಮಾಡುತ್ತವೆ. ಆಗ ಎಷ್ಟು ಸೀಟಿ ಹೊಡೆಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಕಂಪನಿಯ ಬೇಳೆಯನ್ನು ಅವರು ಅದಕ್ಕೂ ಮೊದಲು, ನಳದ ನೀರು ಬರುತ್ತಿದ್ದಾಗ ಬೇಯಿಸಿದ್ದರು. ಬೇಳೆ ಬದಲಾದ ವಾರವೇ ನೀರೂ ಬದಲಾಗಿತ್ತು, ದೂರು ಬೇಳೆಯ ಮೇಲೆ ಬಂತು. ಎರಡು ಮಾಲನ್ನು ಹೋಲಿಸಿ ನೋಡುವಾಗ ನೀರು, ಪಾತ್ರೆ, ಉರಿ ಮೂರೂ ಒಂದೇ ಇರಲಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆದರೂ ವೈನಿಯ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ, ಅದು ಸಣ್ಣದಲ್ಲ. ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಮಾರುವ ಈ ಮಾಲು ಎಲ್ಲಿಂದ ಬರುತ್ತದೆ?

ಒಂದು ಮಿಲ್ಲಿನ ಪ್ಯಾಕಿಂಗ್ ಕೋಣೆಯಲ್ಲಿ ನಾನು ಎಷ್ಟೋ ಸಲ ಕಂಡದ್ದನ್ನು ಹೇಳುತ್ತೇನೆ. ಮೇಲೆ ಬೇಳೆ ತುಂಬುವ ಹಾಪರ್, ಅದರ ಕೆಳಗೆ ತೂಗಿ ಸುರಿಯುವ ಯಂತ್ರ, ಪಕ್ಕದಲ್ಲಿ ಅಚ್ಚಾದ ಪ್ಲಾಸ್ಟಿಕ್ ರೋಲ್. ಮುಂಜಾನೆ ಒಂದು ಹೆಸರಿನ ರೋಲ್ ಓಡುತ್ತದೆ. ಊಟದ ಹೊತ್ತಿಗೆ ಹುಡುಗರು ಆ ರೋಲ್ ಬಿಚ್ಚಿ, ಇನ್ನೊಂದು ಹೆಸರಿನದನ್ನು ಹಾಕಿ, ಬ್ಯಾಚ್ ನಂಬರು ಬದಲಿಸಿ ಮತ್ತೆ ಚಾಲೂ ಮಾಡುತ್ತಾರೆ. ಒಂದು ಹೆಸರು ಟಿವಿಯಲ್ಲಿ ಬರುವಂಥದ್ದು, ಇನ್ನೊಂದು ರಿಯಾಯಿತಿ ಮಳಿಗೆಯದು. ಇದನ್ನು ಕಂಡವರು ಹೊರಗೆ ಬಂದು ‘ಎಲ್ಲಾ ಒಂದೇ ಬ್ಯಾಳಿ, ಹೆಸರಿಗೆ ರೊಕ್ಕ’ ಅನ್ನುತ್ತಾರೆ. ಅವರ ಮಾತು ಅರ್ಧ ನಿಜ.

ಉಳಿದರ್ಧ ಮ್ಯಾನೇಜರನ ಟೇಬಲ್ಲಿನ ಫೈಲಿನಲ್ಲಿರುತ್ತದೆ. ಮಾಲು ಕೊಳ್ಳುವ ಪ್ರತಿಯೊಬ್ಬರೂ ಮಿಲ್ಲಿಗೆ ಒಂದು ಹಾಳೆ ಕೊಟ್ಟಿರುತ್ತಾರೆ. ತೇವಾಂಶ ಎಷ್ಟರೊಳಗೆ, ನುಚ್ಚು ನೂರಕ್ಕೆ ಎಷ್ಟು, ಸಿಪ್ಪೆ ಉಳಿದದ್ದು ಎಷ್ಟು, ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದಲ್ಲಿ ಒಂದು ಸಲವೋ ಎರಡು ಸಲವೋ, ಎಣ್ಣೆ ಅಥವಾ ನೀರಿನ ಪಾಲಿಶ್ ಬೇಕೋ ಬೇಡವೋ ಅಂತ. ಒಬ್ಬರ ಹಾಳೆಯಲ್ಲಿ ಫಟ್ಕಾ, ಅಂದರೆ ಮೇಲಿನ ದರ್ಜೆಯ ಬೇಳೆ ಅಂತ ಇದ್ದರೆ ಇನ್ನೊಬ್ಬರದರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ. ಕಾಳು ಕೂಡ ಬೇರೆಯಾಗಬಹುದು. ಮಿಲ್ಲಿಗೆ ಬರುವ ತೊಗರಿಯೆಲ್ಲಾ ನಮ್ಮ ಹೊಲದ್ದೇ ಅಲ್ಲ, ಮ್ಯಾನ್ಮಾರದ ಲೆಮನ್ ತೂರ್ ಅನ್ನುವ ತೊಗರಿ ಬರುತ್ತದೆ, ಮೊಜಾಂಬಿಕ್, ತಾಂಜಾನಿಯಾದ ಕಾಳೂ ಬರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಯ (ಜಿಐ) ಮನ್ನಣೆ ಸಿಕ್ಕಿದ್ದು ನಮ್ಮ ನೆಲದ ತೊಗರಿ ಬೇಳೆಗೆ. ಇಲ್ಲಿನ ಮಿಲ್ಲಿನಲ್ಲಿ ಒಡೆದ ಮಾತ್ರಕ್ಕೆ ಬೇರೆ ಕಾಳಿಗೆ ಆ ಮನ್ನಣೆ ಅಂಟಿಕೊಳ್ಳುವುದಿಲ್ಲ.

ಅಂದರೆ ಯಂತ್ರ, ಕೂಲಿಕಾರರು, ಗೋದಾಮು ಒಂದೇ ಇರಬಹುದು, ಕರಾರು ಒಂದೇ ಇರುವುದಿಲ್ಲ. ಹಾಗಂತ ಕರಾರು ಬೇರೆ ಇದ್ದ ಮಾತ್ರಕ್ಕೆ ಅಗ್ಗದ್ದು ಕೆಟ್ಟದ್ದೂ ಅಲ್ಲ. ನುಚ್ಚು ಹೆಚ್ಚಿದ್ದ ಬೇಳೆಯಲ್ಲಿ ಪ್ರೋಟೀನ್ ಕಡಿಮೆ ಇರುವುದಿಲ್ಲ. ಸಾರಿಗೆ, ಪಪ್ಪಿಗೆ ಕಡೆಯುವ ಬೇಳೆ ಹೋಳು ಇಡೀ ಇದ್ದು ಮಾಡುವುದೇನು? ಹೂರಣದ ಹೋಳಿಗೆ ಮಾಡುವ ದಿನ ಬೇಕಾದರೆ ಒಳ್ಳೇ ದರ್ಜೆಯದನ್ನು ತನ್ನಿ, ದಿನದ ಅಡಿಗೆಗೆ ನಾನು ಅಂಗಡಿಯ ಹೆಸರಿನದನ್ನೇ ತರುತ್ತೇನೆ.

ಬೆಲೆ ಕಡಿಮೆ ಆಗುವುದಕ್ಕೂ ಗುಟ್ಟೇನಿಲ್ಲ. ಜಾಹೀರಾತಿಲ್ಲ, ನಡುವೆ ಡಿಸ್ಟ್ರಿಬ್ಯೂಟರ್, ಹೋಲ್‌ಸೇಲಿನವರಿಲ್ಲ, ಮಿಲ್ಲಿನಿಂದ ನೇರವಾಗಿ ಮಳಿಗೆಯ ಗೋದಾಮಿಗೆ ಲೋಡು. ಜರ್ಮನಿಯ ಆಲ್ಡಿ ಮಳಿಗೆಗಳು ಬೆಳೆದದ್ದೇ ಹೀಗೆ, ಅಲ್ಲಿ ಕಪಾಟಿನ ಬಹುಪಾಲು ಮಾಲು ಅಂಗಡಿಯದೇ ಹೆಸರಿನದು. ನಮ್ಮ ದೇಶದ ಸರಣಿ ಮಳಿಗೆಗಳು ಆ ದಾರಿಯನ್ನೇ ಹಿಡಿದಿವೆ.

ಗಿರಾಕಿ ಎಚ್ಚರ ತಪ್ಪುವುದು ರಿಯಾಯಿತಿಯ ಬೋರ್ಡಿನ ಮುಂದೆ. ಅದಕ್ಕೇ ಎಂಆರ್‌ಪಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಂಪನಿಯ ಬೇಳೆಗೆ ಎಂಆರ್‌ಪಿ ಹಾಕುವುದು ಕಂಪನಿ. ಅದೇ ಪ್ಯಾಕೆಟ್ ಕಿರಾಣಾ ಬಜಾರಿನಲ್ಲೂ ಸಿಗುತ್ತದೆ, ಮಾಲ್‌ನಲ್ಲೂ ಸಿಗುತ್ತದೆ, ಯಾರು ಎಷ್ಟು ಬಿಟ್ಟುಕೊಟ್ಟರು ಅಂತ ತಾಳೆ ನೋಡಬಹುದು. ಅಂಗಡಿಯ ಹೆಸರಿನ ಪ್ಯಾಕೆಟ್ಟಿಗೆ ಎಂಆರ್‌ಪಿ ಹಾಕುವವರೂ ಅದೇ ಅಂಗಡಿಯವರು, ರಿಯಾಯಿತಿ ಕೊಡುವವರೂ ಅವರೇ. ಆ ಪ್ಯಾಕೆಟ್ ಬೇರೆಲ್ಲೂ ಮಾರಾಟಕ್ಕಿಲ್ಲ. 240 ಅಂತ ಅಚ್ಚು ಹಾಕಿ 165ಕ್ಕೆ ಕೊಟ್ಟರೆ 75 ರೂಪಾಯಿ ಉಳಿಯಿತು ಅಂತ ಮನಸ್ಸಿಗೆ ಅನ್ನಿಸುತ್ತದೆ. ಆದರೆ ಆ 240ಕ್ಕೆ ಯಾರೂ ಎಂದೂ ಆ ಬೇಳೆ ಕೊಂಡಿರುವುದಿಲ್ಲ. ಉಳಿತಾಯ ಎಷ್ಟು ಅಂತ ಗೊತ್ತಾಗಬೇಕಾದರೆ ಆ 165ನ್ನು ಪಕ್ಕದ ಕಂಪನಿ ಪ್ಯಾಕೆಟ್ಟಿನ ಮಾರಾಟದ ಬೆಲೆಯ ಜೊತೆ ಇಟ್ಟು ನೋಡಬೇಕು, ನಮ್ಮ ಸಗಟು ಪೇಟೆ ನೆಹರೂ ಗಂಜಿನ ಚೀಲದ ಬೇಳೆಯ ಜೊತೆಗೂ ನೋಡಬೇಕು. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕೆಟ್ ಬೇಳೆಗೆ ಶೇ 5 ಜಿಎಸ್‌ಟಿ ಬಂದಿದೆ. ಅದಕ್ಕಿಂತ ದೊಡ್ಡ ಚೀಲಕ್ಕೆ ಅದಿಲ್ಲ. ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ಸೇರಿ 30 ಕಿಲೋ ಚೀಲ ತಂದು ಹಂಚಿಕೊಳ್ಳುತ್ತಾರೆ, ಹೊಸ ಬೇಳೆಯ ಹಂಗಾಮಿನಲ್ಲಿ ಅದಕ್ಕಿಂತ ಒಳ್ಳೆಯ ವ್ಯವಹಾರ ಯಾವ ಮಾಲ್‌ನಲ್ಲೂ ನನಗೆ ಕಂಡಿಲ್ಲ.

ಪ್ಯಾಕೆಟ್ಟಿನ ಮೇಲೆ ಈಗ ಎಂಆರ್‌ಪಿ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಕ್ಕೆ ಎಷ್ಟು ಅನ್ನುವುದನ್ನೂ ಅಚ್ಚು ಹಾಕಬೇಕು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. 92 ರೂಪಾಯಿಯ ಅರ್ಧ ಕಿಲೋ ಪ್ಯಾಕೆಟ್ಟಿನ ಮೇಲೆ ‘ಗ್ರಾಂಗೆ 0.18’ ಅಂತ ಇರುತ್ತದೆ. ಅದನ್ನು ಸಾವಿರದಿಂದ ಗುಣಿಸಿದರೆ 180. ಆದರೆ ನಿಜವಾದ ಲೆಕ್ಕ 184, ಎರಡೇ ದಶಾಂಶಕ್ಕೆ ನಿಲ್ಲಿಸುವುದರಿಂದ 4 ರೂಪಾಯಿ ಮರೆಯಾಗುತ್ತದೆ. ಅದೂ ಎಂಆರ್‌ಪಿ ಮೇಲಿನ ಲೆಕ್ಕ, ನೀವು ಕೊಡುವ ಬೆಲೆಯದಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಕೊಡುವ ರೊಕ್ಕವನ್ನು ತೂಕದಿಂದ ಭಾಗಿಸುವುದೇ ಸರಿ. ಎಣ್ಣೆಯಲ್ಲಂತೂ ಇದು ಬೇಕೇ ಬೇಕು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅಷ್ಟೇ ಎತ್ತರದ, 850 ಗ್ರಾಂನ ಪೌಚ್ ಇದ್ದರೆ ಕಣ್ಣಿಗೆ ಫರಕು ಕಾಣುವುದಿಲ್ಲ.

ಎಣ್ಣೆಯ ಮಾತು ಬಂತು. ನಮ್ಮ ಹಿರಿಯರು ತಿಂದದ್ದು ಕುಸುಬಿ ಎಣ್ಣೆ, ಆ ರುಚಿಯ ನೆನಪಿಗೆ ಕುಸುಬಿಯ ಹೂವಿನ ಚಿತ್ರ ಕಂಡ ಕೂಡಲೇ ಕೈ ಹೋಗುತ್ತದೆ. ಪೌಚ್ ತಿರುಗಿಸಿ. ‘ಬ್ಲೆಂಡೆಡ್ ಎಡಿಬಲ್ ವೆಜಿಟೆಬಲ್ ಆಯಿಲ್’ ಅಂತ ಇದ್ದರೆ ಅದು ಮಿಶ್ರಣ, ಯಾವ ಎಣ್ಣೆ ಶೇ ಎಷ್ಟು ಅಂತ ಅಲ್ಲೇ ಬರೆದಿರುತ್ತದೆ. ಕಾನೂನಿನ ಪ್ರಕಾರ ಒಂದು ಎಣ್ಣೆ ಕನಿಷ್ಠ ಶೇ 20 ಇದ್ದರೆ ಸಾಕು. ಅಂದರೆ ಚಿತ್ರ ಕುಸುಬಿಯದು, ಒಳಗಿನ ಐದರಲ್ಲಿ ನಾಲ್ಕು ಪಾಲು ಬೇರೆಯದು ಇರಬಹುದು. ಈ ಚಾಳಿ ಅಂಗಡಿಯ ಹೆಸರಿನದರಲ್ಲೂ ಇದೆ, ದೊಡ್ಡ ಕಂಪನಿಗಳಲ್ಲೂ ಇದೆ.

ಸಕ್ಕರೆ, ಉಪ್ಪು, ರವಾ, ಅವಲಕ್ಕಿಗೆ ಹೆಸರು ನೋಡಿ ಹೆಚ್ಚು ಕೊಡುವುದು ನನ್ನ ಮಟ್ಟಿಗೆ ದಂಡ. ಉಪ್ಪಿನಲ್ಲಿ ಅಯೋಡಿನ್ ಇದೆ ಅಂತ ಬರೆದಿದ್ದರೆ ಸಾಕು. ಚಹಾ ಪುಡಿ ಹಾಗಲ್ಲ. ಹತ್ತಾರು ತೋಟದ ಎಲೆಯನ್ನು ರುಚಿ ನೋಡಿ ಬೆರೆಸಿ ವರ್ಷವಿಡೀ ಒಂದೇ ಹದ ಉಳಿಸುವ ಕೆಲಸಕ್ಕೆ ಕಂಪನಿಗಳು ಇಡುವ ಜನರೇ ಬೇರೆ. ಅಂಗಡಿಯ ಪುಡಿ ಈ ತಿಂಗಳು ಚೆನ್ನಾಗಿ ಬಂದದ್ದು ಮುಂದಿನ ತಿಂಗಳು ಪಿಚ್ಚಾಗಬಹುದು. ನಮ್ಮ ಮನೆಯಲ್ಲಿ ಚಹಾ ಮಾತ್ರ ಹಳೇ ಕಂಪನಿಯದೇ. ಬಿಸ್ಕೀಟಿಗೆ ಒಂದೇ ಮಾತು: ‘ಕಾಜು’ ಅಂತ ದಪ್ಪಗೆ ಬರೆದಿದ್ದರೆ ಹಿಂದೆ ಕಾಜು ಶೇ ಎಷ್ಟು ಅಂತ ಬರೆಯಲೇಬೇಕು, ಎರಡರದ್ದೂ ಓದಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಮಸಾಲೆ ಪ್ಯಾಕೆಟ್ಟಿನಲ್ಲಿ ಉಪ್ಪು ಮೇಲಿದೆಯೋ ಕೆಳಗಿದೆಯೋ ಅದರಿಂದಲೇ ಗೊತ್ತಾಗುತ್ತದೆ. ಮೈಸಾಬೂನಿಗೆ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ ಎಷ್ಟು ಅಂತ ನೋಡಿ. ಶೇ 76 ಮತ್ತು ಮೇಲಿದ್ದರೆ ಒಂದನೇ ದರ್ಜೆ, 70 ಎರಡನೆಯದು, 60 ಮೂರನೆಯದು. ‘ಬೇದಿಂಗ್ ಬಾರ್’ ಅಂತ ಇದ್ದರೆ ಅದು ಸಾಬೂನಿನ ಈ ದರ್ಜೆಗಳಿಗೇ ಸೇರಿದ್ದಲ್ಲ. ಹೆಸರುವಾಸಿ ಕಂಪನಿಯ ಬಾರ್ ಕೈಯಲ್ಲಿ ಹಿಡಿದು ಅಂಗಡಿಯ ಸಾಬೂನಿನ ಟಿಎಫ್‌ಎಂ ಅದಕ್ಕಿಂತ ಹೆಚ್ಚಿದ್ದದ್ದನ್ನು ನಾನೇ ಕಂಡಿದ್ದೇನೆ.

ಹಿಂಬದಿಯ ಇನ್ನೊಂದು ಸಾಲನ್ನು ಬಹಳ ಮಂದಿ ಓದುವುದಿಲ್ಲ. ಅಂಗಡಿಯ ಹೆಸರಿನ ಪ್ಯಾಕೆಟ್ಟಿನ ಮೇಲೆ ಹೆಸರಿನ ಮಾಲೀಕರದೂ, ನಿಜವಾಗಿ ತಯಾರಿಸಿದ ಅಥವಾ ಪ್ಯಾಕ್ ಮಾಡಿದವರದೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ತಯಾರಕರದು 112ರಿಂದ ಶುರುವಾದರೆ ಕರ್ನಾಟಕದ ರಾಜ್ಯ ಪರವಾನಗಿ, 115 ಆದರೆ ಮಹಾರಾಷ್ಟ್ರದ್ದು, 100 ಆದರೆ ಕೇಂದ್ರದ್ದು. ಕಂಪನಿಯ ಮಾಲನ್ನೂ ಎಷ್ಟೋ ಸಲ ಬೇರೆಯವರೇ ಮಾಡಿಕೊಟ್ಟಿರುತ್ತಾರೆ. ಎರಡು ಪ್ಯಾಕೆಟ್ಟಿನಲ್ಲಿ ಆ ಸಂಖ್ಯೆ ಒಂದೇ ಬಂದರೆ ಎರಡೂ ಒಂದೇ ಘಟಕದಿಂದ ಬಂದವು. ಒಂದೇ ಮಾಲು ಹೌದೋ ಅಲ್ಲೋ ಅನ್ನುವುದನ್ನು ತಾಟಿನಲ್ಲಿ ಹರವಿಯೇ ನೋಡಬೇಕು.

ಮಾಲು ಕೆಟ್ಟಾಗ ಅಂಗಡಿಯ ಹೆಸರಿನದರಲ್ಲಿ ಒಂದು ಅನುಕೂಲ ಇದೆ. ‘ಕಂಪನಿಯವರನ್ನ ಕೇಳ್ರಿ’ ಅಂತ ಕೌಂಟರಿನವರು ಹೇಳುವ ಹಾಗಿಲ್ಲ, ಮಾರಿದವರೂ ಅವರೇ, ಹೆಸರೂ ಅವರದೇ. ಕಳೆದ ಬೇಸಿಗೆಯಲ್ಲಿ ನಾನು ತಂದ ಶೇಂಗಾ ಕಮಟು ಹೊಡೆಯುತ್ತಿತ್ತು, ತಾರೀಖು ಮೀರಿರಲಿಲ್ಲ. ಪ್ಯಾಕೆಟ್ಟನ್ನು ಡಬ್ಬಿಯಲ್ಲೇ ಇಟ್ಟಿದ್ದರಿಂದ ಬ್ಯಾಚ್ ನಂಬರು ತೋರಿಸಿದೆ. ಅವರು ಕಪಾಟಿನಲ್ಲಿದ್ದ ಅದೇ ಬ್ಯಾಚಿನ ಇನ್ನೊಂದು ಪ್ಯಾಕೆಟ್ ಒಡೆದು ಮೂಸಿ ನೋಡಿ, ಮಾತಿಲ್ಲದೆ ರೊಕ್ಕ ವಾಪಸ್ ಕೊಟ್ಟರು, ಉಳಿದ ಪ್ಯಾಕೆಟ್ಟುಗಳನ್ನೂ ತೆಗೆಸಿದರು. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಮಾಲನ್ನು ಫುಡ್ ಅನಾಲಿಸ್ಟರಿಂದ ಪರೀಕ್ಷೆ ಮಾಡಿಸಬಹುದು.

ವೈನಿ ಮಾತ್ರ ತಮ್ಮ ಬೇಳೆಯ ಪ್ಯಾಕೆಟ್ ಹರಿದು ಕಸಕ್ಕೆ ಹಾಕಿದ್ದರು. ಅದರಲ್ಲಿ ನಿಜವಾಗಿಯೇ ದೋಷ ಇದ್ದಿದ್ದರೆ ತೋರಿಸಲು ಅವರ ಬಳಿ ಏನೂ ಉಳಿದಿರಲಿಲ್ಲ. ಈಗ ಅವರ ಅಡಿಗೆ ಮನೆಯ ಪ್ರತಿ ಡಬ್ಬಿಯ ಮುಚ್ಚಳದೊಳಗೆ ಬ್ಯಾಚ್ ನಂಬರು, ತಾರೀಖು ಇರುವ ಆ ಒಂದು ತುಂಡನ್ನು ಕತ್ತರಿಸಿ ಅಂಟಿಸಿದ್ದಾರೆ. ಬೇಳೆ ಬೇಯಿಸಲು ನಳದ ನೀರನ್ನು ಬೇರೆ ಕೊಡದಲ್ಲಿ ಹಿಡಿದಿಡುತ್ತಾರೆ.